ಹಿಮದ ಹಾದಿಗೆ ಎಂಥ ಪ್ಯಾಂಟ್?

ಕೇದಾರಕಂಠದ ಬುಡದ ಶಿಬಿರದಲ್ಲಿ ಅಂದು ಎರಡನೆಯ ದಿನದ ಬೆಳಗು. ಡೇರೆಯಿಂದ ತಲೆ ಹೊರಹಾಕಿದರೆ ಎಲ್ಲೆಲ್ಲೂ ಬೆಳ್ಳನೆಯ ಹಿಮ. ನಮ್ಮ ಗುಂಪಿನಲ್ಲಿ ದಾವಣಗೆರೆಯ ಹುಡುಗನೊಬ್ಬನಿದ್ದ. ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ಹಿಂದಿನ ಸಂಜೆ ಹಿಮದಲ್ಲಿ ಆಡಿ ತೊಯ್ದಿದ್ದ ಜೀನ್ಸ್ ಪ್ಯಾಂಟನ್ನು ಡೇರೆಯ ಹಗ್ಗಕ್ಕೆ ನೇತುಹಾಕಿ, 'ಗಾಳಿ ಚೆನ್ನಾಗಿದೆ ಸಾರ್, ಬೆಳಗಾಗುವುದರೊಳಗೆ ಒಣಗುತ್ತೆ ಬಿಡಿ' ಎಂದು ಹೇಳಿ ಮಲಗಿದ್ದ. ಬೆಳಿಗ್ಗೆ ನೋಡಿದರೆ ಪ್ಯಾಂಟು ಒಣಗಿರಲಿಲ್ಲ, ಸೆಟೆದುಕೊಂಡಿತ್ತು! ಹಗ್ಗದಿಂದ ಬಿಡಿಸಿ ನೆಲಕ್ಕೆ ಊರಿದರೆ ಯಾರ ಹಂಗೂ ಇಲ್ಲದೆ ತನ್ನ ಕಾಲ ಮೇಲೆ ತಾನೇ ನಿಂತುಕೊಂಡಿತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಹುಡುಗನೂ ನಕ್ಕ.

ನಗದೇ ಇದ್ದವನು ನಮ್ಮ ಮಾರ್ಗದರ್ಶಿ ಒಬ್ಬನೇ. 'ಇನ್ನೊಂದು ಪ್ಯಾಂಟ್ ಇದೆಯೇ?' ಎಂದು ಕೇಳಿದ. ಇತ್ತು. ಅದೂ ಜೀನ್ಸೇ! ಮಾರ್ಗದರ್ಶಿ ಮತ್ತೆ ಮಾತಾಡಲಿಲ್ಲ. ಮರುದಿನ ನಸುಕಿನ ಮೂರು ಗಂಟೆಗೆ ನಾವೆಲ್ಲ ಟಾರ್ಚ್ ಹಿಡಿದು ಶಿಖರದತ್ತ ಹೊರಟಾಗ ಹುಡುಗ ಮಲಗುಚೀಲದೊಳಗೆ ಉಳಿದುಕೊಂಡ. ಊರಿಗೆ ಮರಳಿದ ಮೇಲೆ ಅವನ ತಾಯಿ ಹೇಳಿದ ಮಾತು ಇನ್ನೂ ನೆನಪಿದೆ: 'ಜಾಕೆಟ್‌ಗೆಂದು ನಾಲ್ಕು ಅಂಗಡಿ ಸುತ್ತಿದೆವು, ಕೈಗವಸು ತಂದೆವು, ಮಂಕಿ ಕ್ಯಾಪ್ ತಂದೆವು. ಪ್ಯಾಂಟಿನ ವಿಚಾರ ಮಾತ್ರ ಯಾರ ತಲೆಗೂ ಹೊಳೆಯಲೇ ಇಲ್ಲ ನೋಡಿ.'

ಹೌದು, ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದೇ. ಕ್ರಿಸ್‌ಮಸ್ ರಜೆಗೆ, ಇಲ್ಲವೇ ಸೆಮಿಸ್ಟರ್ ಮುಗಿದ ಬಿಡುವಿಗೆ ಮಕ್ಕಳು ಕೇದಾರಕಂಠ, ದಯಾರಾ ಬುಗ್ಯಾಲ್, ಬ್ರಹ್ಮತಾಲ್ ಎಂದು ಹೊರಡುತ್ತಾರೆ. ಕೆಲವರು ಗುಲ್ಮಾರ್ಗ್, ಔಲಿ, ಮನಾಲಿಗಳಿಗೆ ಸ್ಕೀಯಿಂಗ್ ಕಲಿಯಲು ಹೋಗುತ್ತಾರೆ. ಹಿಮವನ್ನು ಕಣ್ಣಾರೆ ಕಾಣದ ನಾಡಿನವರು ನಾವು. ನಮ್ಮ ಚಳಿಯ ಕಲ್ಪನೆ ಮಡಿಕೇರಿಯ ಜನವರಿಗೆ ಮುಗಿದುಹೋಗುತ್ತದೆ. ಆದ್ದರಿಂದಲೇ 'ದಪ್ಪನೆಯದೊಂದು ಪ್ಯಾಂಟ್ ಹಾಕಿಕೊಂಡು ಹೋಗು' ಎಂಬ ಒಂದೇ ಸಲಹೆಯಲ್ಲಿ ನಮ್ಮ ತಿಳಿವಳಿಕೆಯೂ ಮುಗಿಯುತ್ತದೆ. ಹಿಮದಲ್ಲಿ ಪ್ಯಾಂಟಿನ ಯೋಗ್ಯತೆ ಅದರ ದಪ್ಪದಲ್ಲಿಲ್ಲ. ಕಾಲನ್ನು ಎಷ್ಟರ ಮಟ್ಟಿಗೆ ಒಣದಾಗಿ ಇಡುತ್ತದೆ ಎಂಬುದರಲ್ಲಿದೆ.

ಇದು ಸೌಕರ್ಯದ ಪ್ರಶ್ನೆ ಮಾತ್ರವಲ್ಲ. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಅಸುನೀಗಿದ್ದನ್ನು ನಾವು ಮರೆತಿಲ್ಲ. ಅವರೆಲ್ಲ ಉತ್ಸಾಹಿಗಳು, ಬೆಟ್ಟವನ್ನು ಪ್ರೀತಿಸಿದವರು. ಅಂಥ ಬಿರುಗಾಳಿಯ ಮುಂದೆ ಯಾವ ಉಡುಪೂ ಪೂರ್ಣ ರಕ್ಷೆಯಾಗಲಾರದು ಎಂಬುದು ನಿಜ. ಆದರೆ ನಮ್ಮೂರಲ್ಲಿ ಮುಂಗಾರಿನ ನಿರೀಕ್ಷೆಯಿರುವ ಜೂನ್‌ನಲ್ಲೂ ಹಿಮಾಲಯದ ಎತ್ತರದಲ್ಲಿ ಹಿಮ ಸುರಿದು ಪ್ರಾಣ ತೆಗೆಯಬಲ್ಲದು ಎಂಬ ಎಚ್ಚರ ಪ್ರತಿ ಮನೆಯಲ್ಲೂ ಇರಬೇಕು.

ಶತ್ರು ಚಳಿಯಲ್ಲ, ತೇವ

ಒಂದು ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕೇದಾರಕಂಠದ ಚಾರಣ ಶುರುವಾಗುವ ಸಾಂಕ್ರಿ ಗ್ರಾಮಕ್ಕೂ ಸುಮಾರು 3,800 ಮೀಟರ್ ಎತ್ತರದ ಶಿಖರಕ್ಕೂ ಹೆಚ್ಚುಕಡಿಮೆ ಹನ್ನೆರಡು ಡಿಗ್ರಿ ವ್ಯತ್ಯಾಸ ಇದೊಂದರಿಂದಲೇ ಬರುತ್ತದೆ. ಇದಕ್ಕೆ ಗಾಳಿಯನ್ನೂ ಸೇರಿಸಿ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಂತೆಯೇ ನಾಟುತ್ತದೆ.

ಆದರೂ ಒಣ ಚಳಿಯನ್ನು ಹೇಗೋ ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ತೇವ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟುಕೊಂಡ ಗಾಳಿಯಿಂದ. ಆ ಗಾಳಿಯ ಜಾಗವನ್ನು ನೀರು ಆಕ್ರಮಿಸಿದರೆ ಉಡುಪೇ ಮೈಯ ಶಾಖವನ್ನು ಕದ್ದೊಯ್ಯುವ ಕಳ್ಳನಾಗುತ್ತದೆ.

ನೀರು ಬರುವುದು ಹೊರಗಿನಿಂದ ಮಾತ್ರವೇ? ಅಲ್ಲ. ಮೊಣಕಾಲುದ್ದದ ಹಿಮದಲ್ಲಿ ಏರು ಹತ್ತುವಾಗ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಧಾರಾಳವಾಗಿ ಬೆವರುತ್ತೇವೆ. ತೊಡೆಯ ಸ್ನಾಯುಗಳು ದೇಹದ ದೊಡ್ಡ ಒಲೆಗಳಿದ್ದಂತೆ. ಹತ್ತುವಷ್ಟು ಹೊತ್ತು ಬಿಸಿ. ದಣಿವಾರಿಸಿಕೊಳ್ಳಲು ಕುಳಿತ ಹತ್ತೇ ನಿಮಿಷಕ್ಕೆ ಆ ಬೆವರು ತಣ್ಣಗಾಗಿ ನಡುಕ ಹುಟ್ಟುತ್ತದೆ. ಹಿಮದ ಪ್ಯಾಂಟಿಗೆ ಹೀಗೆ ಎರಡು ಕೆಲಸ: ಹೊರಗಿನ ಹಿಮವನ್ನು ಒಳಗೆ ಬಿಡಬಾರದು, ಒಳಗಿನ ಬೆವರನ್ನು ಹೊರಗೆ ಕಳಿಸಬೇಕು. ಜೀನ್ಸ್ ಸೋಲುವುದು ಇಲ್ಲಿಯೇ. ಅದು ಹತ್ತಿ. ಹತ್ತಿಯ ಎಳೆ ಎರಡೂ ಕಡೆಯ ನೀರನ್ನು ಕುಡಿದು ಕೂರುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ. ಬಿಸಿಲೂರಿನಲ್ಲಿ ಹತ್ತಿಯನ್ನು ಮೆಚ್ಚಿಸುವ ಗುಣವೇ ಹಿಮದಲ್ಲಿ ಅದರ ದೋಷ.

ಕಂಬಳಿಕೊಪ್ಪೆ, ಗೊರಬು

ಈ ವಿಜ್ಞಾನ ನಮಗೆ ಹೊಸತೇನೂ ಅಲ್ಲ. ಮಲೆನಾಡಿನ ಜಡಿಮಳೆಯಲ್ಲಿ ನಮ್ಮ ಅಜ್ಜಂದಿರು ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದರು. ಕಂಬಳಿ ನೆನೆಯುತ್ತಿತ್ತು, ಆದರೆ ಮೈ ಬೆಚ್ಚಗಿರುತ್ತಿತ್ತು. ಏಕೆಂದರೆ ಉಣ್ಣೆಯ ಎಳೆ ತನ್ನ ತೂಕದ ನೂರಕ್ಕೆ ಸುಮಾರು 30 ಪಾಲು ತೇವವನ್ನು ಒಳಗೇ ಅಡಗಿಸಿಟ್ಟುಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ಸುರುಳಿ ಸುರುಳಿಯಾದ ಎಳೆಗಳು ನಡುವಿನ ಗಾಳಿಯನ್ನೂ ಬಿಟ್ಟುಕೊಡುವುದಿಲ್ಲ. ನಾಟಿಯ ಹೆಣ್ಣುಮಕ್ಕಳು ಬೆನ್ನಿಗೆ ಹೊದೆಯುತ್ತಿದ್ದ ಗೊರಬು ಇನ್ನೊಂದು ಜಾಣ್ಮೆ. ಮೇಲಿನಿಂದ ನೀರು ಜಾರಿ ಹೋಗುತ್ತದೆ, ಕೆಳಗಿನಿಂದ ಗಾಳಿ ಆಡುತ್ತದೆ. ಒಳಗೆ ಕಂಬಳಿಯ ಗುಣ, ಹೊರಗೆ ಗೊರಬಿನ ಗುಣ. ಇವೆರಡನ್ನೂ ಕಾಲಿಗೆ ಹೊಂದಿಸಿಕೊಂಡರೆ ಅದೇ ಹಿಮದ ಉಡುಪು!

ಪರ್ವತಾರೋಹಿಗಳು ಇದನ್ನೇ ಪದರಗಳ ಪದ್ಧತಿ ಎನ್ನುತ್ತಾರೆ. 1924ರಲ್ಲಿ ಎವರೆಸ್ಟ್ ಏರಲು ಹೋಗಿ ಮರಳದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಪತ್ತೆಯಾದಾಗ ಅದರ ಮೇಲೆ ರೇಷ್ಮೆ, ಹತ್ತಿ, ಉಣ್ಣೆಯ ಬಟ್ಟೆಗಳು ಒಂದರ ಮೇಲೊಂದರಂತೆ ಇದ್ದವು. ಹೊರಗೆ ಗಾಳಿ ತಡೆಯುವ ಗ್ಯಾಬರ್ಡಿನ್. ಆ ಉಡುಪಿನ ಪ್ರತಿಕೃತಿ ಮಾಡಿಸಿ 2006ರಲ್ಲಿ ಎವರೆಸ್ಟ್‌ನ ಇಳಿಜಾರಿನಲ್ಲೇ ತೊಟ್ಟು ನೋಡಿದಾಗ, ಅದು ಹಗುರವೂ ಬೆಚ್ಚಗೂ ಇರುವುದು ಕಂಡುಬಂತು. ಅದನ್ನು ಸಾಧಿಸಿದ್ದು ಒಂದು ದಪ್ಪ ಬಟ್ಟೆಯಲ್ಲ, ಹಲವು ತೆಳು ಬಟ್ಟೆಗಳು.

ನಮ್ಮ ವಿದ್ಯಾರ್ಥಿಗೆ ಮೂರು ಪದರ ಸಾಕು. ಮೈಗಂಟಿದ ಮೊದಲ ಪದರ ತೆಳ್ಳನೆಯ ಉಣ್ಣೆಯದು ಇಲ್ಲವೇ ಪಾಲಿಯೆಸ್ಟರ್‌ನದು. ಪಾಲಿಯೆಸ್ಟರ್ ಎಳೆ ತನ್ನ ತೂಕದ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ತೇವ ಹೀರುವುದರಿಂದ ಬೇಗ ಒಣಗುತ್ತದೆ. ಹತ್ತಿ ಬೆರೆತ 'ಥರ್ಮಲ್' ಬೇಡ. ಒಳಗಿನ ಚೀಟಿ ಓದಿಯೇ ಕೊಳ್ಳಿ. ಎರಡನೆಯದು ಫ್ಲೀಸ್ ಪ್ಯಾಂಟ್. ಇದು ಶಿಬಿರದ ಸಂಜೆಗೆ ಮತ್ತು ರಾತ್ರಿಗೆ. ಏರು ಹತ್ತುವಾಗ ಸಾಮಾನ್ಯವಾಗಿ ಬೇಕಾಗದು. ಮೂರನೆಯದು ಹಿಮ, ಗಾಳಿಗಳನ್ನು ತಡೆಯುವ ಹೊರಪ್ಯಾಂಟ್.

ಹತ್ತುವ ಸ್ಕೀ, ಇಳಿಯುವ ಸ್ಕೀ

ಸ್ಕೀಯಿಂಗ್‌ಗೆ ಹೋಗುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಕೇಬಲ್ ಕಾರಿನಲ್ಲೋ ಲಿಫ್ಟ್‌ನಲ್ಲೋ ಮೇಲೆ ಹೋಗಿ, ಹದಮಾಡಿದ ಇಳಿಜಾರಿನಲ್ಲಿ ಜಾರಿಕೊಂಡು ಬರುವುದು ಒಂದು ಬಗೆ. ಇಲ್ಲಿ ಕಾಲಿಗೆ ಶ್ರಮ ಕಡಿಮೆ, ಕಾಯುವ ಹೊತ್ತು ಜಾಸ್ತಿ, ಕಲಿಯುವವರು ಬೀಳುವುದಂತೂ ಇನ್ನೂ ಜಾಸ್ತಿ! ಒಳಗೆ ಹತ್ತಿಯಂತೆ ತುಂಬಿದ ಕೃತಕ ಎಳೆಗಳ ಬೆಚ್ಚನೆಯ ಪ್ಯಾಂಟ್ ಇವರಿಗೆ ಸರಿ.

ಇನ್ನೊಂದು ಬಗೆ ಬ್ಯಾಕ್‌ಕಂಟ್ರಿ ಸ್ಕೀಯಿಂಗ್. ಲಿಫ್ಟ್ ಇಲ್ಲದ, ಹದಮಾಡದ ಬೆಟ್ಟಗಳಲ್ಲಿ ಸ್ಕೀ ಹಲಗೆಯ ಅಡಿಗೆ 'ಸ್ಕಿನ್' ಎಂಬ ಪಟ್ಟಿ ಅಂಟಿಸಿಕೊಂಡು ತಾವೇ ನಡೆದು ಹತ್ತುವುದು. ಪಟ್ಟಿಯ ರೋಮಗಳು ಒಂದೇ ದಿಕ್ಕಿಗೆ ಮಲಗಿರುವುದರಿಂದ ಹಲಗೆ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಮೇಲೆ ತಲುಪಿದ ಮೇಲೆ ಪಟ್ಟಿ ಕಿತ್ತು ಜೇಬಿಗೆ ಹಾಕಿ ಕೆಳಕ್ಕೆ ಜಾರುವುದು. ಗಂಟೆಗಟ್ಟಲೆ ಬೆವರು, ಬಳಿಕ ಕೆಲವೇ ನಿಮಿಷಗಳ ಕೊರೆಯುವ ಗಾಳಿ. ತುಂಬು ಪ್ಯಾಂಟ್ ತೊಟ್ಟವನು ಇಲ್ಲಿ ಹತ್ತುವಾಗ ಬೇಯುತ್ತಾನೆ, ಇಳಿಯುವಾಗ ಹೆಪ್ಪುಗಟ್ಟುತ್ತಾನೆ. ಇವರಿಗೆ ಬೇಕಾದದ್ದು ತುಂಬಿಲ್ಲದ ತೆಳು ಹೊರಪ್ಯಾಂಟ್, ತೊಡೆಯ ಬದಿಯಲ್ಲಿ ಉದ್ದನೆಯ ಗಾಳಿ ಜಿಪ್. ಹತ್ತುವಾಗ ಜಿಪ್ ತೆರೆ, ಇಳಿಯುವ ಮುನ್ನ ಮುಚ್ಚು. ಹಿಮದಲ್ಲಿ ಚಾರಣ ಮಾಡುವ ವಿದ್ಯಾರ್ಥಿಗಳಿಗೂ ಇದೇ ಮಾದರಿ ಸೂಕ್ತ.

ಕಾಲು ದುಡಿಯುತ್ತಿದ್ದರೆ ದಪ್ಪ ಬೇಕಿಲ್ಲ ಎಂಬುದಕ್ಕೆ ನಮ್ಮವರೇ ಸಾಕ್ಷಿ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕಗಳನ್ನು ತಂದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಹಿಮದ ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಸ್ಕೀ ಮೇಲೆ ಓಡುವ ಈ ಸ್ಪರ್ಧೆಗಳಲ್ಲಿ ಕ್ರೀಡಾಪಟುಗಳು ತೊಡುವುದು ಮೈಗಂಟಿದ ತೆಳು ಉಡುಪು. ಓಟ ಮುಗಿದ ತಕ್ಷಣ ಮಾತ್ರ ಒಣ ಬಟ್ಟೆಗೆ ಬದಲಾಯಿಸಿಕೊಂಡು ಬೆಚ್ಚಗೆ ಹೊದೆಯಬೇಕು. ಈ ಪಾಠ ಚಾರಣಿಗರಿಗೂ ಅನ್ವಯಿಸುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು?

ಹೊರಪ್ಯಾಂಟಿನ ಚೀಟಿಯಲ್ಲಿ 10,000 ಮಿ.ಮೀ. ಎಂಬಂಥ ಸಂಖ್ಯೆ ಇರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಂತರೂ ಸೋರದು ಎಂದು ಇದರ ಅರ್ಥ. ಸಾಮಾನ್ಯ ಚಾರಣಕ್ಕೆ ಇಷ್ಟು ಸಾಕು. ದಿನವಿಡೀ ಒದ್ದೆ ಹಿಮದಲ್ಲಿ ಬಿದ್ದೆದ್ದು ಮಂಡಿಯೂರುವ ಸ್ಕೀಯರ್‌ಗೆ ಇದಕ್ಕಿಂತ ಹೆಚ್ಚಿನದು ಒಳ್ಳೆಯದು. ಜೊತೆಗೆ ಗ್ರಾಂ ಲೆಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ. 24 ಗಂಟೆಗಳಲ್ಲಿ ಒಂದು ಚದರ ಮೀಟರ್ ಬಟ್ಟೆಯ ಮೂಲಕ ಎಷ್ಟು ಗ್ರಾಂ ಆವಿ ಹೊರಹೋಗುತ್ತದೆ ಎಂಬುದರ ಅಳತೆ ಅದು. ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಮಳೆಗಾಲದ ಅಗ್ಗದ ಪ್ಲಾಸ್ಟಿಕ್ ಪ್ಯಾಂಟ್ ನೀರನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಬೆವರನ್ನೂ ಒಳಗೇ ಕೂಡಿಹಾಕುತ್ತದೆ.

ನೀರಿಗೆ ತಡೆ, ಆವಿಗೆ ದಾರಿ ಎರಡೂ ಹೇಗೆ ಸಾಧ್ಯ? 1969ರಲ್ಲಿ ಅಮೆರಿಕದ ಬಾಬ್ ಗೋರ್, ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಫಕ್ಕನೆ ಎಳೆದಾಗ ಅದು ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳ ಪೊರೆಯಾಯಿತು. ಆ ರಂಧ್ರಗಳಲ್ಲಿ ನೀರಿನ ಹನಿ ತೂರಲಾರದು, ಆವಿಯ ಕಣ ತೂರಬಲ್ಲದು. ಗೋರ್‌ಟೆಕ್ಸ್ ಹುಟ್ಟಿದ್ದು ಹೀಗೆ. ಈಗ ಇಂಥ ಪೊರೆಗಳು ಹಲವಾರು ಹೆಸರುಗಳಲ್ಲಿ ಸಿಗುತ್ತವೆ. ದುಬಾರಿ ಹೆಸರಿಗೆ ಮರುಳಾಗದೆ ಸಂಖ್ಯೆಗಳನ್ನು ಹೋಲಿಸಿ ನೋಡಿ. ಹೊಲಿಗೆಯ ತೂತುಗಳ ಮೇಲೆ ಒಳಗಿನಿಂದ ಟೇಪ್ ಅಂಟಿಸಿದ್ದಾರೆಯೇ ಎಂದೂ ಪರೀಕ್ಷಿಸಿ. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಸೋರುವುದು ಹೊಲಿಗೆಯಿಂದಲೇ.

ಬಾಳಿಕೆಯ ವಿಚಾರಕ್ಕೆ ಬಂದರೆ ಪ್ಯಾಂಟ್ ಮೊದಲು ಹರಿಯುವುದು ಮೂರು ಕಡೆ: ಮಂಡಿ, ಆಸನ, ಕಣಕಾಲಿನ ಒಳಬದಿ. ಸ್ಕೀಯ ಅಂಚೋ, ಬೂಟಿಗೆ ಕಟ್ಟಿದ ಕಬ್ಬಿಣದ ಮುಳ್ಳೋ ತಗುಲುವುದು ಆ ಒಳಬದಿಗೇ. ಅಲ್ಲಿ ಗಟ್ಟಿ ಬಟ್ಟೆಯ ತೇಪೆ ಇರಲೇಬೇಕು. ದಾರದ ದಪ್ಪವನ್ನು ಡೀನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ, ಜೊತೆಗೆ ಭಾರ. ಇಡೀ ಪ್ಯಾಂಟ್ ಭಾರವಾಗಿರುವುದಕ್ಕಿಂತ ತೇಪೆಯ ಜಾಗ ಮಾತ್ರ ಗಟ್ಟಿಯಾಗಿರುವುದು ಲೇಸು. ಪ್ಯಾಂಟಿನ ಅಂಚಿನೊಳಗೆ ಎಲಾಸ್ಟಿಕ್ ಹಾಕಿದ ಒಳತೋಳಿನಂಥ ಪಟ್ಟಿ ಇದ್ದರೆ ಅದನ್ನು ಬೂಟಿನ ಮೇಲೆ ಎಳೆದುಕೊಳ್ಳಬಹುದು. ಹಿಮ ಒಳಗೆ ನುಗ್ಗುವುದಿಲ್ಲ.

ಅಳತೆಯನ್ನು ಕನ್ನಡಿಯ ಮುಂದೆ ನಿಂತು ನಿರ್ಧರಿಸಬೇಡಿ. ಒಳ ಪದರಗಳನ್ನು ತೊಟ್ಟೇ ಅಂಗಡಿಗೆ ಹೋಗಿ. ಪ್ಯಾಂಟ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕುಳಿತು ಏಳಿ. ಒಂದು ಮಂಡಿಯನ್ನು ಎದೆಯವರೆಗೆ ಎತ್ತಿ. ತೊಡೆಸಂದಿಯಲ್ಲಿ ಎಳೆಯಬಾರದು, ಸೊಂಟ ಕೆಳಗೆ ಜಾರಬಾರದು, ಅಂಚು ಕಣಕಾಲಿನಿಂದ ಮೇಲೇರಬಾರದು. ಕೈಗವಸು ಹಾಕಿಕೊಂಡೇ ಜಿಪ್ ಎಳೆದು ನೋಡಿ. ಬಾರದಿದ್ದರೆ ಆ ಪ್ಯಾಂಟ್ ಬೇಡ. ಹೆಗಲ ಪಟ್ಟಿಯ ಪ್ಯಾಂಟ್ ಬೆನ್ನಿಗೆ ಹಿಮ ಹೋಗದಂತೆ ತಡೆಯುತ್ತದೆ ನಿಜ. ಆದರೆ ಬಹಿರ್ದೆಸೆಗೆ ಹೋಗುವಾಗ ಎಲ್ಲ ಕಳಚಬೇಕಾಗುತ್ತದೆ. ಹೆಣ್ಣುಮಕ್ಕಳು ಕೊಳ್ಳುವಾಗ ಇದನ್ನು ಸಂಕೋಚವಿಲ್ಲದೆ ಯೋಚಿಸಬೇಕು. ಪಟ್ಟಿ ಕಳಚಿಡಬಹುದಾದ ಅಥವಾ ಹಿಂಬದಿ ಜಿಪ್ ಇರುವ ಮಾದರಿಗಳೂ ಇವೆ.

ಪಾಲಕರಿಗೆ ಎರಡು ಮಾತು

'ಬೆಳೆಯುವ ಹುಡುಗ, ಎರಡು ಸೈಜ್ ದೊಡ್ಡದೇ ಇರಲಿ' ಎಂಬ ನಮ್ಮ ಶಾಲಾ ಸಮವಸ್ತ್ರದ ಲೆಕ್ಕ ಇಲ್ಲಿ ಬೇಡ. ಅಳ್ಳಕದ ಪ್ಯಾಂಟ್ ಬೂಟಿನ ಮುಳ್ಳಿಗೆ ಸಿಕ್ಕಿ ಮುಗ್ಗರಿಸಬಹುದು. ಒಂದೇ ಒಂದು ಚಾರಣಕ್ಕಾಗಿ ಸಾವಿರಾರು ರೂಪಾಯಿ ಸುರಿಯಬೇಕಾದ ಅಗತ್ಯವೂ ಇಲ್ಲ. ಒಳಪದರವನ್ನು ಸ್ವಂತಕ್ಕೆ ಕೊಳ್ಳಿ, ಊಟಿಗೆ ಹೋದಾಗಲೂ ಬಳಕೆಗೆ ಬರುತ್ತದೆ. ಹೊರಪ್ಯಾಂಟನ್ನು ಸ್ನೇಹಿತರಿಂದ ಎರವಲು ಪಡೆಯಬಹುದು, ಇಲ್ಲವೇ ಬಾಡಿಗೆಗೆ ತರಬಹುದು. ಆದರೆ ಮನಾಲಿಯಿಂದ ಸೋಲಾಂಗ್‌ಗೆ ಹೋಗುವ ದಾರಿಬದಿಯಲ್ಲಿ ನೇತುಹಾಕಿರುವ ಬಣ್ಣಬಣ್ಣದ ಬಾಡಿಗೆ ಸೂಟುಗಳು ಫೋಟೋ ತೆಗೆಸಿಕೊಳ್ಳುವ ಒಂದೆರಡು ಗಂಟೆಗೆ ಸರಿಯೇ ಹೊರತು ದಿನಗಟ್ಟಲೆ ನಡೆಯುವ ಚಾರಣಕ್ಕಲ್ಲ. ಬಾಡಿಗೆಗೆ ತಂದ ಪ್ಯಾಂಟಿನ ಮೇಲೆ ಒಂದು ಲೋಟ ನೀರು ಸುರಿದು ನೋಡಿ. ಹನಿಯಾಗಿ ಉರುಳಿದರೆ ಸರಿ. ಬಟ್ಟೆ ಕಪ್ಪಾಗಿ ನೆನೆದರೆ ಹಿಂದಿರುಗಿಸಿ.

ಕೊಂಡದ್ದನ್ನು ಜೋಪಾನ ಮಾಡುವುದೂ ಒಂದು ವಿದ್ಯೆ. ಒಗೆಯುವಾಗ ಬಟ್ಟೆ ಮೃದುವಾಗಿಸುವ ದ್ರಾವಣ ಹಾಕಬೇಡಿ, ಅದು ಬಟ್ಟೆಯ ನೀರು ತಡೆಯುವ ಗುಣವನ್ನು ಕೆಡಿಸುತ್ತದೆ. ಜಿಪ್ ಮುಚ್ಚಿ ಒಗೆದು ಸೋಪು ಪೂರ್ಣ ಹೋಗುವಂತೆ ಜಾಲಿಸಿ. ನೆರಳಲ್ಲಿ ಒಣಗಿಸಿ. ಶಿಬಿರಾಗ್ನಿಯ ಹತ್ತಿರ ಮಾತ್ರ ಎಚ್ಚರ! ಒಂದು ಕಿಡಿ ಹಾರಿದರೆ ನೈಲಾನ್ ಕರಗಿ ತೂತಾಗುತ್ತದೆ, ಚರ್ಮಕ್ಕೂ ಅಂಟುತ್ತದೆ. ಬೆಂಕಿಯ ಮುಂದೆ ಕೂರುವಾಗ ಹೊರಪ್ಯಾಂಟ್ ಕಳಚಿಡುವುದು ಕ್ಷೇಮ.

ಪ್ಯಾಂಟಿನಿಂದ ಆಗದ ಕೆಲಸಗಳೂ ಇವೆ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಗುಲ್ಮಾರ್ಗ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಇಬ್ಬರು, 2024ರ ಫೆಬ್ರುವರಿಯಲ್ಲಿ ಒಬ್ಬ ವಿದೇಶಿ ಸ್ಕೀಯರ್ ಹಿಮಕುಸಿತಕ್ಕೆ ಬಲಿಯಾದರು. ಹದಮಾಡದ ಇಳಿಜಾರಿಗೆ ತರಬೇತಿಯಿಲ್ಲದೆ, ಬಲ್ಲ ಮಾರ್ಗದರ್ಶಿಯಿಲ್ಲದೆ ಕಾಲಿಡಬಾರದು. ಜೊತೆಗಾರ ಎಡೆಬಿಡದೆ ನಡುಗುತ್ತಿದ್ದರೆ, ಮಾತು ತೊದಲಿದರೆ, ಹೆಜ್ಜೆ ತಡವರಿಸಿದರೆ, ಜಿಪ್ ಎಳೆಯಲೂ ಕೈ ಬಾರದಿದ್ದರೆ ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯುತ್ತಿದೆ ಎಂದೇ ತಿಳಿಯಿರಿ. ತಕ್ಷಣ ಗಾಳಿಯಿಂದ ಮರೆ ಮಾಡಿ, ಒದ್ದೆ ಬಟ್ಟೆ ಬದಲಾಯಿಸಿ, ಬೆಚ್ಚಗೆ ಹೊದೆಸಿ, ಸಹಾಯಕ್ಕೆ ಕೂಗಿ. ಇದಕ್ಕಾಗಿಯೇ ಒಂದು ಜೊತೆ ಒಣ ಒಳಪದರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೆನ್ನಚೀಲದ ಬುಡದಲ್ಲಿ ಇಟ್ಟಿರಬೇಕು. ಇಂಥ ತುರ್ತು ಬಂದರೆ ರಾತ್ರಿಯವರೆಗೆ ಕಾಯದೆ ಅದನ್ನು ತಕ್ಷಣ ಬಿಚ್ಚಿ ಬಳಸಬೇಕು.

ದಾವಣಗೆರೆಯ ಹುಡುಗ ಏನಾದ ಎನ್ನುತ್ತೀರಾ? ಮರುವರ್ಷ ಮತ್ತೆ ಬಂದ. ಒಳಗೆ ತೆಳ್ಳನೆಯ ಪಾಲಿಯೆಸ್ಟರ್ ಪ್ಯಾಂಟ್, ಮೇಲೆ ಸೋದರಮಾವನ ಮಗನಿಂದ ಎರವಲು ತಂದ ಹೊರಪ್ಯಾಂಟ್. ಮಂಡಿಯ ಬಳಿ ಹರಿದಿದ್ದ ಜಾಗಕ್ಕೆ ತಾಯಿಯೇ ಹಾಕಿಕೊಟ್ಟ ತೇಪೆ. ಏರಿನಲ್ಲಿ ಗಾಳಿ ಜಿಪ್ ತೆರೆದ, ಬಯಲಿಗೆ ಬರುವ ಮುನ್ನ ಯಾರೂ ಹೇಳದೆಯೇ ಮುಚ್ಚಿದ. ಸೂರ್ಯ ಹುಟ್ಟುವ ಹೊತ್ತಿಗೆ ಶಿಖರದ ಮೇಲೆ ನಮ್ಮೊಂದಿಗೆ ನಿಂತಿದ್ದ. ಅವನ ಜೀನ್ಸ್‌? ಅದು ಸಾಂಕ್ರಿಯ ಕೋಣೆಯಲ್ಲೇ ಮಡಚಿಟ್ಟಿತ್ತು, ವಾಪಸ್ ರೈಲು ಪ್ರಯಾಣಕ್ಕೆಂದು.